ಹಾವು ಕಡಿತದ ಅಧ್ಯಯನಕ್ಕೆ ಗ್ರಾಂಟ್: ಅರ್ಜಿ ನಿಮ್ಮದು, ಹಣ ಸಂಸ್ಥೆಯದು

ಪ್ರಶ್ನೆ: ಸರ್, ನಾನು ಮಲೆನಾಡಿನ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಅಸಿಸ್ಟೆಂಟ್ ಪ್ರೊಫೆಸರ್. ನಮ್ಮ ವಾರ್ಡಿಗೆ ವರ್ಷಕ್ಕೆ ಸುಮಾರು 90 ಜನ ಮಂಡಲದ ಹಾವು (ವೈಪರ್) ಕಚ್ಚಿಸಿಕೊಂಡು ಬರುತ್ತಾರೆ. ಹುಷಾರಾಗಿ ಮನೆಗೆ ಹೋದವರಲ್ಲಿ ಕೆಲವರು ಕಿಡ್ನಿ ತೊಂದರೆ ಅಂತ ಮತ್ತೆ ಬರುತ್ತಾರೆ. ಇದರ ಮೇಲೆ ಅಧ್ಯಯನ ಮಾಡೋಣ ಅಂತ ಹೋದ ವರ್ಷ ಐಸಿಎಂಆರ್‌ಗೆ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅರ್ಜಿ ಹಾಕಿದ್ದೆ. ‘ಉದ್ದೇಶಗಳು ಜಾಸ್ತಿ, ಸ್ಯಾಂಪಲ್ ಸೈಜ್‌ಗೆ ಆಧಾರವಿಲ್ಲ, ಬಜೆಟ್‌ಗೆ ಸಮರ್ಥನೆ ಇಲ್ಲ’ ಅಂತ ಮೂರು ಸಾಲು ಬರೆದು ತಿರಸ್ಕರಿಸಿದರು. ವಿಶ್ವವಿದ್ಯಾಲಯದಿಂದ ಸಹಾಯ ಪಡೆದು ಹಾಕಿ ಅಂತ ಹಿರಿಯರು ಹೇಳುತ್ತಾರೆ. ಏನು ಸಹಾಯ ಸಿಗುತ್ತೆ, ಯಾರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ಡಾಕ್ಟ್ರೇ, ಮೊದಲು ಒಂದು ಮಾತು. ಮೂರು ಸಾಲು ಬಂದಿದೆ ಅಂದರೆ ಯಾರೋ ನಿಮ್ಮ ಅರ್ಜಿಯನ್ನು ಕೂತು ಓದಿದ್ದಾರೆ. ಆ ಕಾಗದವನ್ನು ಬಿಸಾಕಬೇಡಿ. ಹೊಸ ಅರ್ಜಿಯ ನಕ್ಷೆಯೇ ಅದು.

ಆದರೆ ನಿಮ್ಮ ಪ್ರಶ್ನೆಯಲ್ಲೇ ಒಂದು ಗೊಂದಲ ಇದೆ. ಅದನ್ನು ಬಿಡಿಸಿಕೊಂಡೇ ಮುಂದೆ ಹೋಗೋಣ. ಗ್ರಾಂಟ್ ಸಿಕ್ಕರೆ ಹಣ ನಿಮಗೆ ಬರಲ್ಲ, ನಿಮ್ಮ ಸಂಸ್ಥೆಯ ಖಾತೆಗೆ ಬರುತ್ತೆ. ನೀವು ಪಿಐ, ಅಂದರೆ ಕೆಲಸದ ಹೊಣೆ ಹೊತ್ತವರು. ಲೆಕ್ಕದ ಹೊಣೆ ಸಂಸ್ಥೆಯದು. ಕೊಡುವವರು ನೋಡುವುದು ಎರಡನ್ನೂ: ಈ ಡಾಕ್ಟರಿಗೆ ಈ ಕೆಲಸ ಬರುತ್ತಾ, ಈ ಕಾಲೇಜು ಈ ದುಡ್ಡನ್ನು ಸರಿಯಾಗಿ ನಡೆಸುತ್ತಾ. ನಮ್ಮಲ್ಲಿ ಬಹಳ ಜನ ಮೊದಲನೆಯದಕ್ಕೆ ಮಾತ್ರ ತಯಾರಿ ಮಾಡಿಕೊಂಡು, ಎರಡನೆಯದನ್ನು ಕೊನೆಯ ದಿನದ ಸಹಿ ಅಂದುಕೊಂಡಿರುತ್ತಾರೆ.

ನಾನೂ ಹಾಗೇ ಅಂದುಕೊಂಡಿದ್ದೆ. ಫಾರ್ಮಕಾಲಜಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ಎಂಟು ತಿಂಗಳು ಕೂತು ಒಂದು ಅರ್ಜಿ ಬರೆದೆ. ಕೊನೆಯ ದಿನ ಮಧ್ಯಾಹ್ನ ಫಾರ್ವರ್ಡಿಂಗ್ ಲೆಟರ್‌ಗೆ ಸಹಿ ಬೇಕು ಅಂತ ಆಫೀಸಿಗೆ ಹೋದರೆ, ಸಾಹೇಬ್ರು ಮೀಟಿಂಗ್‌ಗೆ ಬೆಂಗಳೂರಿಗೆ ಹೋಗಿದ್ದರು. ಸೀಲು ಅವರ ಕಪಾಟಿನಲ್ಲಿ, ಬೀಗದ ಕೈ ಅವರ ಪಿಎ ಹತ್ತಿರ, ಪಿಎ ರಜೆ. ಐದು ಗಂಟೆಗೆ ಪೋರ್ಟಲ್ ಮುಚ್ಚಿತು. ತಪ್ಪು ಆಫೀಸಿನದು ಅಂತ ಬಹಳ ದಿನ ಬೈಕೊಂಡು ಓಡಾಡಿದೆ. ಆಮೇಲೆ ರಿಸರ್ಚ್ ಸೆಲ್ ಜವಾಬ್ದಾರಿ ನನ್ನ ತಲೆಗೇ ಬಂದಾಗ ಗೊತ್ತಾಯಿತು: ಎಂಟು ತಿಂಗಳಲ್ಲಿ ಒಂದು ಸಲವೂ ನಾನು ಆ ಬಾಗಿಲು ತಟ್ಟಿರಲಿಲ್ಲ.

ಹಾಗಾಗಿ ವಿಶ್ವವಿದ್ಯಾಲಯದ ಸಹಾಯ ಅಂದರೇನು ಅಂತ ಕೇಳಿದರೆ, ಅದು ಎರಡು ಮೂರು ಕಡೆ ಚದುರಿ ಹೋಗಿದೆ. ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ ಥರದ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಸಂಸ್ಥೆ, ವಿಶ್ವವಿದ್ಯಾಲಯ ಎರಡೂ ಒಂದೇ ಆಡಳಿತದ ಕೆಳಗಿರುತ್ತೆ. ನಿಮ್ಮದು ಹಾಗಲ್ಲ. ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಆದರೆ ಅರ್ಜಿ ಕಳಿಸುವ ಸಂಸ್ಥೆ ನಿಮ್ಮ ಕಾಲೇಜೇ. ಡೈರೆಕ್ಟರ್ ಸಹಿಯೇ ಸಹಿ. ವಿಶ್ವವಿದ್ಯಾಲಯದ ಜಯನಗರದ ಆಫೀಸಿಗೆ ಹೋಗಿ ಐಸಿಎಂಆರ್ ಅರ್ಜಿಗೆ ಸೀಲು ಕೇಳಿದರೆ ಯಾರೂ ಹಾಕಲ್ಲ.

ವಿಶ್ವವಿದ್ಯಾಲಯದಿಂದ ನಿಮಗೆ ಸಿಗಬಹುದಾದದ್ದು ಬೇರೆ. ಒಂದು, ಹೆಲಿನೆಟ್, ಅಂದರೆ ವಿಶ್ವವಿದ್ಯಾಲಯದ ಆನ್‌ಲೈನ್ ಲೈಬ್ರರಿ. ಪಿಜಿ ಮಾಡುವಾಗ ಸಿನಾಪ್ಸಿಸ್ ಬರೆಯಲು ಅದರಲ್ಲಿ ಜರ್ನಲ್ ಹುಡುಕಿರುತ್ತೀರಿ, ಆಮೇಲೆ ಪಾಸ್‌ವರ್ಡ್ ಮರೆತಿರುತ್ತೀರಿ. ಲೈಬ್ರರಿಯನ್ ಹತ್ತಿರ ಹೋಗಿ ಹೊಸದು ಮಾಡಿಸಿಕೊಳ್ಳಿ. ಎರಡು, ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜುಗಳ ಅಧ್ಯಾಪಕರಿಗೆ ಕೊಡುವ ಸಣ್ಣ ಸಂಶೋಧನಾ ಅನುದಾನ. ಮೊತ್ತ ನೋಡಿ ಮೂಗು ಮುರಿಯಬೇಡಿ. ದೊಡ್ಡ ಅರ್ಜಿಗೆ ಬೇಕಾದ ಮೊದಲ ಅಂಕಿ ಅಂಶ ಆ ದುಡ್ಡಿನಲ್ಲೇ ಹುಟ್ಟಬೇಕು. ಇದಕ್ಕೆ ಮತ್ತೆ ಬರುತ್ತೇನೆ.

ಉಳಿದ ಸಹಾಯ ನಿಮ್ಮ ಕಾಂಪೌಂಡ್ ಒಳಗೇ ಇದೆ. ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಸ್ಟ್ಯಾಟಿಸ್ಟಿಶಿಯನ್ ಇರುತ್ತಾರೆ. ಪಿಜಿಗಳ ಥೀಸಿಸ್ ಸಮಯದಲ್ಲಿ ಬಿಟ್ಟರೆ ಅವರನ್ನು ಯಾರೂ ಮಾತಾಡಿಸಲ್ಲ. ಡಾಟಾ ಎಲ್ಲಾ ತುಂಬಿದ ಮೇಲೆ ಹೋಗಿ ‘ಪಿ ವ್ಯಾಲ್ಯೂ ಹಾಕಿಕೊಡಿ’ ಅಂತ ಕೇಳುವುದು ನಮ್ಮ ಚಾಳಿ. ನೀವು ಈಗಲೇ ಹೋಗಿ, ಅವರನ್ನು ಸಹ-ಸಂಶೋಧಕರಾಗಿ ಸೇರಿಸಿಕೊಳ್ಳಿ. ಜೊತೆಗೆ, ಆರೋಗ್ಯ ಸಂಶೋಧನಾ ಇಲಾಖೆಯ ಯೋಜನೆಯಲ್ಲಿ ಹಲವು ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಮಲ್ಟಿ ಡಿಸಿಪ್ಲಿನರಿ ರಿಸರ್ಚ್ ಯೂನಿಟ್, ಎಲ್ಲರ ಬಾಯಲ್ಲಿ ಎಂಆರ್‌ಯು, ಸಿಕ್ಕಿದೆ. ನಿಮ್ಮಲ್ಲಿ ಇದ್ದರೆ ಪುಣ್ಯ. ಫ್ರೀಜರ್, ಸೆಂಟ್ರಿಫ್ಯೂಜ್, ಕೆಲಸ ಗೊತ್ತಿರುವ ಸಿಬ್ಬಂದಿ ಅಲ್ಲೇ ಇರುತ್ತಾರೆ. ‘ಈ ಸೌಲಭ್ಯ ಈಗಾಗಲೇ ಇದೆ’ ಅಂತ ಅರ್ಜಿಯಲ್ಲಿ ಬರೆಯುವುದಕ್ಕೆ ಬಹಳ ಬೆಲೆ ಇದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ವಿಷಯ ಚೆನ್ನಾಗಿದೆ, ಸಮಯವೂ ಸರಿಯಾಗಿದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ 2000ದಿಂದ 2019ರ ನಡುವೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನುವ ಅಂದಾಜು 2020ರಲ್ಲಿ ಪ್ರಕಟವಾಯಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, 2030ರೊಳಗೆ ಸಾವು ಅರ್ಧಕ್ಕೆ ಇಳಿಸಬೇಕು ಅಂತ. ಪೀಠಿಕೆಗೆ ಇಷ್ಟು ಸಾಕು. ಹಾವಿನ ಬಗ್ಗೆ ನಾಲ್ಕು ಪುಟ ಬೇಡ, ಓದುವವರಿಗೆ ಹಾವು ಗೊತ್ತು.

ಆದರೆ ಎಲ್ಲರೂ ಸಾವು ಎಣಿಸುತ್ತಿದ್ದಾರೆ. ನೀವು ಬದುಕಿದವರ ಕಡೆ ನೋಡುತ್ತಿದ್ದೀರಿ. ಅದೇ ನಿಮ್ಮ ಶಕ್ತಿ. ಹಳೆಯ ಅರ್ಜಿಯಲ್ಲಿ ಅದು ಏಳು ಉದ್ದೇಶಗಳ ಕೆಳಗೆ ಹೂತು ಹೋಗಿದೆ. ನೀವು ಪ್ರಶ್ನೆಯ ಜೊತೆ ಕಳಿಸಿದ ಪಟ್ಟಿಯಿಂದ ಮೊದಲನೆಯದನ್ನೇ ತೆಗೆದುಕೊಳ್ಳಿ: ‘ವೈಪರ್ ಕಡಿತಕ್ಕೆ ಒಳಗಾದ ರೋಗಿಗಳ ಕ್ಲಿನಿಕಲ್ ಸ್ವರೂಪ, ಪ್ರಯೋಗಾಲಯ ಫಲಿತಾಂಶ ಮತ್ತು ಪರಿಣಾಮಗಳನ್ನು ಅಧ್ಯಯನ ಮಾಡುವುದು.’ ಇದರಲ್ಲಿ ಪ್ರಶ್ನೆಯೇ ಇಲ್ಲ. ‘ಅಧ್ಯಯನ ಮಾಡುವುದು’ ಅಂತ ಬಂದ ಕಡೆಯೆಲ್ಲ ಪೆನ್ಸಿಲ್‌ನಿಂದ ಗೀಟು ಹಾಕಿ. ಅದರ ಬದಲಿಗೆ ಹೀಗೆ ಬರೆಯಿರಿ: ‘ಹಾವು ಕಚ್ಚಿ ರಕ್ತ ಹೆಪ್ಪುಗಟ್ಟದೆ ದಾಖಲಾಗಿ ಗುಣವಾಗಿ ಹೋದವರಲ್ಲಿ, ಮೂರು ತಿಂಗಳಾದ ಮೇಲೂ ಕಿಡ್ನಿ ಕೆಲಸ ಕಡಿಮೆ ಇರುವವರು ನೂರಕ್ಕೆ ಎಷ್ಟು?’ ಒಂದು ಉದ್ದೇಶ. ಎರಡನೆಯದು ಬೇಕಿದ್ದರೆ, ದಾಖಲಾದ ದಿನ ಕಾಣುವ ಯಾವ ಲಕ್ಷಣದಿಂದ ಅದನ್ನು ಮುಂಚೆಯೇ ಊಹಿಸಬಹುದು ಅನ್ನುವುದು. ಅಲ್ಲಿಗೆ ನಿಲ್ಲಿಸಿ. ಉಳಿದ ಐದು ಉದ್ದೇಶ ನಿಮ್ಮ ಪಿಜಿಗಳ ಥೀಸಿಸ್‌ಗೆ ಬರುತ್ತವೆ, ಎಲ್ಲಿಗೂ ಹೋಗಲ್ಲ.

‘ಮಂಡಲ ಕಚ್ಚಿದವರು’ ಅನ್ನುವುದನ್ನು ನಾನು ‘ರಕ್ತ ಹೆಪ್ಪುಗಟ್ಟದವರು’ ಅಂತ ಬದಲಿಸಿದ್ದನ್ನು ಗಮನಿಸಿದ್ರಾ? ವಿಮರ್ಶಕರು ಹೋದ ಸಲ ಕೇಳದೆ ಬಿಟ್ಟ ಪ್ರಶ್ನೆ ಅದು, ಈ ಸಲ ಕೇಳುತ್ತಾರೆ. ಕಚ್ಚಿದ್ದು ಯಾವ ಹಾವು ಅಂತ ನಿಮಗೆ ಹೇಗೆ ಗೊತ್ತು? ರಾತ್ರಿ ತೋಟದಲ್ಲಿ ಕಚ್ಚಿದ್ದನ್ನು ರೋಗಿ ನೋಡಿರಲ್ಲ. ನಮ್ಮಲ್ಲಿ ಸಿಗುವ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಪಶ್ಚಿಮ ಘಟ್ಟದಲ್ಲಿ ಹಂಪ್-ನೋಸ್ಡ್ ಪಿಟ್ ವೈಪರ್ ಕೂಡ ಇದೆ. ಅದೂ ರಕ್ತ ಕೆಡಿಸುತ್ತೆ, ಕಿಡ್ನಿಗೂ ಹೊಡೆಯುತ್ತೆ, ಆದರೆ ಈ ಎಎಸ್‌ವಿ ಅದಕ್ಕೆ ನಾಟಲ್ಲ. ನಿಮ್ಮ 90 ಜನರಲ್ಲಿ ಅವರೂ ಸೇರಿರಬಹುದು. ಹಾವಿನ ಹೆಸರಿನ ಮೇಲೆ ಅಧ್ಯಯನ ನಿಲ್ಲಿಸಿದರೆ ಬುಡವೇ ಅಲ್ಲಾಡುತ್ತೆ. ಅದರ ಬದಲು ನೀವು ದಿನಾ ಮಾಡುವ 20 ನಿಮಿಷದ ಪರೀಕ್ಷೆಯ ಮೇಲೆ ನಿಲ್ಲಿಸಿ. ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿನಲ್ಲಿ ರಕ್ತ, 20 ನಿಮಿಷ ಅಲ್ಲಾಡಿಸದೆ ಇಟ್ಟು, ಓರೆ ಮಾಡಿ ನೋಡಿದಾಗ ಹರಿದರೆ ಸೇರಿಸಿಕೊಳ್ಳುವುದು, ಹೆಪ್ಪುಗಟ್ಟಿದರೆ ಇಲ್ಲ. ತಾಲ್ಲೂಕು ಆಸ್ಪತ್ರೆಯ ನರ್ಸ್ ಕೂಡ ಇದನ್ನು ಮಾಡಬಲ್ಲರು. ಆ ಟ್ಯೂಬನ್ನು ಸೋಪು ಹಾಕಿ ತೊಳೆದಿದ್ದರೆ ಫಲಿತಾಂಶ ಕೆಡುತ್ತೆ ಅನ್ನುವುದನ್ನೂ ಅರ್ಜಿಯಲ್ಲಿ ಬರೆಯಿರಿ. ಇವರು ವಾರ್ಡಿನಲ್ಲಿ ನಿಂತು ಕೆಲಸ ಮಾಡಿದವರು ಅಂತ ಓದುವವರಿಗೆ ಆ ಒಂದು ಸಾಲಿನಿಂದ ಗೊತ್ತಾಗುತ್ತೆ.

ಹಾವು ಯಾವುದು ಅಂತ ಗೊತ್ತಾದರೆ ಒಳ್ಳೆಯದೇ. ಜನ ಕೆಲವು ಸಲ ಸತ್ತ ಹಾವನ್ನೇ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಬರುತ್ತಾರೆ. ಆದರೆ ‘ಹಾವನ್ನು ತರಲು ಹೇಳುತ್ತೇವೆ’ ಅಂತ ಮಾತ್ರ ಅರ್ಜಿಯಲ್ಲಿ ಬರೆಯಬೇಡಿ. ಇನ್ನೊಬ್ಬರಿಗೆ ಕಚ್ಚುತ್ತೆ, ಮೇಲಾಗಿ 1972ರ ವನ್ಯಜೀವಿ ಕಾಯ್ದೆ ಇದೆ. ದೂರದಿಂದ ತೆಗೆದ ಮೊಬೈಲ್ ಫೋಟೋ ಇದ್ದರೆ ತೆಗೆದುಕೊಳ್ಳುತ್ತೇವೆ ಅಂತ ಬರೆದರೆ ಸಾಕು. ಗುರುತಿಸಲು ತಜ್ಞರು ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಾವಿನ ವಿಷದ ಮೇಲೆ ಕೆಲಸ ಮಾಡುವ ಎವಲ್ಯೂಷನರಿ ವೆನೊಮಿಕ್ಸ್ ಲ್ಯಾಬ್ ಇದೆ. ಒಂದು ಇಮೇಲ್ ಬರೆಯಲು ಸಂಕೋಚ ಯಾಕೆ?

ಇನ್ನು ಸ್ಯಾಂಪಲ್ ಸೈಜ್. ನೀವು 200 ಅಂತ ಹಾಕಿದ್ದೀರಿ. ಯಾಕೆ 200? ದುಂಡು ಸಂಖ್ಯೆ, ಅಲ್ವಾ? ಲೆಕ್ಕ ಹೀಗೆ ಮಾಡಿ. ಮೂರು ತಿಂಗಳ ಮೇಲೂ ಕಿಡ್ನಿ ಪೂರ್ತಿ ಸರಿಹೋಗದವರು ನೂರಕ್ಕೆ 30 ಇರಬಹುದು ಅಂತ ಇಟ್ಟುಕೊಳ್ಳಿ, ಬರೀ ಉದಾಹರಣೆಗೆ. ನಿಮ್ಮ ಉತ್ತರ ಎರಡೂ ಕಡೆ 5 ಅಂಕದ ಒಳಗೆ ಇರಬೇಕು ಅಂದರೆ, 1.96ರ (95% ವಿಶ್ವಾಸ ಮಟ್ಟಕ್ಕೆ ಬಳಸುವ ಅಂಕಿ) ವರ್ಗ, ಗುಣಿಸು 0.3, ಗುಣಿಸು 0.7, ಭಾಗಿಸು 0.05ರ ವರ್ಗ. 323 ಜನ ಬೇಕು. ಮೂರು ತಿಂಗಳ ಮೇಲೆ ಮತ್ತೆ ಬರುವವರು ನೂರಕ್ಕೆ 80 ಅಂತ ಹಿಡಿದರೆ 404 ಜನರನ್ನು ಸೇರಿಸಿಕೊಳ್ಳಬೇಕು. ವರ್ಷಕ್ಕೆ 90 ಬಂದರೂ ಎಲ್ಲರೂ ಒಪ್ಪಲ್ಲ, 72 ಅಂತ ಇಟ್ಟುಕೊಳ್ಳಿ. ಐದೂವರೆ ವರ್ಷ ಬೇಕು! ಮೂರು ವರ್ಷದ ಪ್ರಾಜೆಕ್ಟ್‌ನಲ್ಲಿ ಇದು ಸತ್ತ ಹಾಗೆಯೇ.

5 ಅಂಕದ ಬದಲು 7 ಅಂಕ ಅಂತ ಒಪ್ಪಿಕೊಳ್ಳಿ. ಆಗ 165 ಜನ ಸಾಕು, ಬರದೇ ಹೋಗುವವರನ್ನು ಸೇರಿಸಿದರೆ 207. ವರ್ಷಕ್ಕೆ 72ರಂತೆ ಇನ್ನೂ ಸುಮಾರು ಮೂರು ವರ್ಷ. ಸಿಬ್ಬಂದಿ ನೇಮಕಕ್ಕೆ ಮೂರು ತಿಂಗಳು, ಕೊನೆಯ ರೋಗಿಗೆ ಮೂರು ತಿಂಗಳ ಕಾಯುವಿಕೆ, ಬರೆಯಲು ಸಮಯ, ಎಲ್ಲಾ ಸೇರಿ ಮತ್ತೆ ಮೀರುತ್ತೆ. ಹಾಗಾದರೆ ಪಕ್ಕದ ಜಿಲ್ಲಾಸ್ಪತ್ರೆಯನ್ನು ಎರಡನೇ ಕೇಂದ್ರವಾಗಿ ಸೇರಿಸಿಕೊಳ್ಳಿ. ಅಲ್ಲಿಂದ ವರ್ಷಕ್ಕೆ 35 ಜನ ಸಿಕ್ಕರೂ ಎರಡು ವರ್ಷದಲ್ಲಿ ಮುಗಿಯುತ್ತೆ. ಈ ಲೆಕ್ಕವನ್ನು ಹೀಗೇ ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಸಂಖ್ಯೆ ಚಿಕ್ಕದಾಯಿತು ಅಂತ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕಾರಣ ಇಲ್ಲದಿದ್ದರೆ ಬೇಜಾರು.

ಆ 30 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ಕೇಳುತ್ತಾರಲ್ಲ, ಅದಕ್ಕೇ ಸಣ್ಣ ದುಡ್ಡು ಬೇಕು ಅಂದಿದ್ದು. ಹಳೆಯ ಮೂರು ವರ್ಷದ ಕೇಸ್ ಶೀಟ್ ತೆಗೆದು ನೋಡಿ. ಇದಕ್ಕೂ ಎಥಿಕ್ಸ್ ಕಮಿಟಿ (ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಸಮಿತಿ) ಅನುಮತಿ ಬೇಕು, ಆದರೆ ಹಳೆಯ ದಾಖಲೆ ಆದ್ದರಿಂದ ಪ್ರತಿಯೊಬ್ಬರ ಒಪ್ಪಿಗೆಯಿಂದ ವಿನಾಯಿತಿ ಕೇಳಬಹುದು. ಕೈ ಸಾಲದಿದ್ದರೆ ಒಬ್ಬ ಎಂಬಿಬಿಎಸ್ ವಿದ್ಯಾರ್ಥಿಯನ್ನು ಜೊತೆ ಮಾಡಿಕೊಳ್ಳಿ. ಐಸಿಎಂಆರ್ 1979ರಿಂದ ಎಸ್‌ಟಿಎಸ್ ಅಂತ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನೆಗೆ ಸ್ಟೈಪೆಂಡ್ ಕೊಡುತ್ತಾ ಬಂದಿದೆ, ನೀವು ಗೈಡ್ ಆಗಬಹುದು. ಮಗುವಿಗೆ ಸರ್ಟಿಫಿಕೇಟ್, ನಿಮಗೆ ಅಂಕಿ.

ಎಥಿಕ್ಸ್ ಕಮಿಟಿ ಅಂದ ತಕ್ಷಣ ತಡೆಗೋಡೆ ಅಂತ ಮುಖ ಸಿಂಡರಿಸುವವರೇ ಜಾಸ್ತಿ. ನಾನು ಹಾಗೆ ನೋಡಲ್ಲ. 2017ರ ಐಸಿಎಂಆರ್ ಮಾರ್ಗಸೂಚಿ ಪ್ರಕಾರ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸಾಮಾನ್ಯ ಜನರ ಪ್ರತಿನಿಧಿಯೊಬ್ಬರು ಇರಲೇಬೇಕು. ನಾನಿದ್ದ ಕಮಿಟಿಯಲ್ಲಿ ಆ ಪ್ರತಿನಿಧಿ ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಒಂದು ಒಪ್ಪಿಗೆ ಪತ್ರದಲ್ಲಿ ‘ತಮ್ಮನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಲಾಗುವುದು’ ಅಂತ ಇತ್ತು. ಮೇಷ್ಟ್ರು ಕನ್ನಡಕ ಏರಿಸಿ, ‘ಸಾರ್, ಮೂವತ್ತು ವರ್ಷ ಕನ್ನಡ ಕಲಿಸಿದೀನಿ, ಈ ಪದ ನನಗೇ ಬಾಯಿಗೆ ಬರ್ತಿಲ್ಲ. ಚೀಟಿ ಎತ್ತಿ ಗುಂಪು ಮಾಡ್ತೀವಿ ಅಂದ್ರೆ ಏನು ತಪ್ಪು?’ ಅಂದರು. ಅಲ್ಲಿದ್ದ ಪ್ರೊಫೆಸರುಗಳೆಲ್ಲ ಸುಮ್ಮನಾದರು. ಪತ್ರ ಬದಲಾಯಿತು.

ನಿಮ್ಮ ಒಪ್ಪಿಗೆ ಪತ್ರದಲ್ಲಿ ‘ಅನುಸರಣಾ ಭೇಟಿ’, ‘ಮೂತ್ರಪಿಂಡದ ಕಾರ್ಯಕ್ಷಮತೆ’ ಅಂತೆಲ್ಲ ಇದೆ. ‘ಮೂರು ತಿಂಗಳಾದ ಮೇಲೆ ಒಂದು ಸಲ ಬಂದು ರಕ್ತ ಕೊಡಬೇಕು, ಎರಡು ಟೀ ಚಮಚದಷ್ಟು. ಕಿಡ್ನಿ ಸರಿ ಇದೆಯಾ ಅಂತ ನೋಡಲು’ ಅಂತ ಬರೆಯಿರಿ. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಮನೆಯವರು ಒಪ್ಪಿಗೆ ಕೊಡಬಹುದು, ಆದರೆ ಎಚ್ಚರ ಆದ ಮೇಲೆ ರೋಗಿಯನ್ನೇ ಕೇಳಬೇಕು. ನಿಮ್ಮ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿದೆಯಾ, ಅದರ ಅವಧಿ ಮುಗಿದಿಲ್ಲವಾ ಅಂತ ಮೆಂಬರ್ ಸೆಕ್ರೆಟರಿಯನ್ನು ಈಗಲೇ ಕೇಳಿ. 2019ರ ನಿಯಮಗಳಿಂದ ಅದು ಕಡ್ಡಾಯ. ನೋಂದಣಿ ನವೀಕರಣ ಆಗದೆ ಮಂಜೂರಾದ ಹಣ ತಿಂಗಳುಗಟ್ಟಲೆ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಜೆಟ್ ವಿಚಾರ. ನಿಮ್ಮ ಹಳೆಯ ಪಟ್ಟಿಯಲ್ಲಿ ಒಂದು ಡಯಾಲಿಸಿಸ್ ಮೆಷಿನ್ ಇತ್ತು! ಆಸ್ಪತ್ರೆಗೆ ಬೇಕು, ಒಪ್ಪುತ್ತೇನೆ. ಆದರೆ ಅದು ಚಿಕಿತ್ಸೆಯ ಸಾಮಾನು, ಸರ್ಕಾರದ ಬೇರೆ ಬಾಬ್ತಿನಿಂದ ಬರಬೇಕು. ಸಂಶೋಧನೆಯ ದುಡ್ಡಿನಲ್ಲಿ ಅದನ್ನು ಕೇಳಿದರೆ ‘ಇವರಿಗೆ ಪ್ರಶ್ನೆಯ ಮೇಲೆ ಆಸೆ ಇಲ್ಲ, ಮೆಷಿನ್ ಮೇಲೆ ಆಸೆ’ ಅನ್ನಿಸುತ್ತೆ. ಅದೇ ಪಟ್ಟಿಯಲ್ಲಿ ರೋಗಿಯ ಬಸ್ ಚಾರ್ಜ್ ಇರಲಿಲ್ಲ. ಇಡೀ ಅಧ್ಯಯನ ನಿಂತಿರುವುದು ಆತ ಮೂರು ತಿಂಗಳ ಮೇಲೆ ವಾಪಸ್ ಬರುವುದರ ಮೇಲೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಸ್ ಚಾರ್ಜು, ಊಟ, ದಿನದ ಕೂಲಿ ಸೇರಿ ತಲೆಗೆ 1,000 ರೂಪಾಯಿ ಅಂತ ಹಾಕಿದರೂ 207 ಜನರಿಗೆ 2,07,000. ನಿಮ್ಮ ಬಜೆಟ್‌ನ ಅತ್ಯಂತ ಗಟ್ಟಿ ಸಾಲು ಅದೇ ಆಗುತ್ತೆ. ಜೊತೆಗೆ ಫೋನ್ ಮಾಡಿ ನೆನಪಿಸಲು, ಬಾರದವರ ಮನೆಗೆ ಹೋಗಿ ಬರಲು ಒಬ್ಬ ಸಿಬ್ಬಂದಿ. ಹುದ್ದೆಯ ಹೆಸರು, ಸಂಬಳ ಎರಡನ್ನೂ ಐಸಿಎಂಆರ್‌ನ ಪ್ರಾಜೆಕ್ಟ್ ಸಿಬ್ಬಂದಿ ಪಟ್ಟಿಯಿಂದಲೇ ತೆಗೆದು ಹಾಕಿ. ಸ್ವಂತ ಹೆಸರಿಟ್ಟರೆ ವಾಪಸ್ ಬರುತ್ತೆ.

ಲೆಕ್ಕದ ವಿಭಾಗದ ಕೇಸ್ ವರ್ಕರ್ ಜೊತೆ ಒಂದು ಕಾಫಿ ಕುಡಿಯಿರಿ. ತಮಾಷೆಗೆ ಹೇಳುತ್ತಿಲ್ಲ. ಮುಂದಿನ ಕಂತು ಬರಬೇಕಾದರೆ ಪ್ರತಿ ವರ್ಷ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಹೋಗಬೇಕು, ಖರ್ಚಾಗದೆ ಬ್ಯಾಂಕಿನಲ್ಲಿ ಉಳಿದ ಹಣಕ್ಕೆ ಬಂದ ಬಡ್ಡಿ ಸರ್ಕಾರಕ್ಕೆ ವಾಪಸ್ ಹೋಗಬೇಕು, ಖರೀದಿ ಸರ್ಕಾರದ ಜೆಮ್ ಖರೀದಿ ಪೋರ್ಟಲ್‌ನಲ್ಲಿ ಆಗಬೇಕು. ಇದನ್ನೆಲ್ಲ ನಡೆಸುವವರು ಅವರು. ಈ ಹಿಂದೆ ಬೇರೆ ವಿಭಾಗದ ಪ್ರಾಜೆಕ್ಟ್‌ನ ಯುಸಿ ಬಾಕಿ ಇದೆಯಾ ಅಂತಲೂ ಅವರಿಗೇ ಗೊತ್ತಿರುತ್ತೆ. ಇದ್ದರೆ ಆ ನೆರಳು ನಿಮ್ಮ ಮೇಲೂ ಬೀಳಬಹುದು.

ಯಾವ ಬಾಗಿಲು ತಟ್ಟಬೇಕು? ನಿಮ್ಮ ಕೆಲಸಕ್ಕೆ ಐಸಿಎಂಆರ್‌ನ ಸ್ಮಾಲ್ ಗ್ರಾಂಟ್ ಸರಿ. ಮೂರು ವರ್ಷದವರೆಗೆ, 2 ಕೋಟಿಯವರೆಗೆ. ಅದಕ್ಕೂ ದೊಡ್ಡದು ಇಂಟರ್‌ಮೀಡಿಯೆಟ್, ಹಲವು ಸಂಸ್ಥೆ ಸೇರಿ ಮಾಡುವಂಥದ್ದು, ಈಗ ಬೇಡ. 2 ಕೋಟಿ ಮಿತಿ ಇದೆ ಅಂತ 2 ಕೋಟಿ ಕೇಳಬೇಕಿಲ್ಲ. ಪ್ರತಿ ಸಲ ಕರೆಯಲ್ಲಿ ಆದ್ಯತೆಯ ವಿಷಯಗಳು, ನಿಯಮಗಳು ಬದಲಾಗುತ್ತವೆ, ಕರೆ ಪತ್ರವನ್ನು ಪ್ರಿಂಟ್ ತೆಗೆದು ಓದಿ. ನಿಮ್ಮನ್ನೇ ಸಂಶೋಧಕರಾಗಿ ಬೆಳೆಸುವ ಫೆಲೋಶಿಪ್ ಬೇಕಾದರೆ ಇಂಡಿಯಾ ಅಲೈಯನ್ಸ್ ಇದೆ, ಅದು ಬೇರೆಯೇ ದಾರಿ. ವಿದೇಶಿ ಹಣ ಅಂದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಂತ ಎರಡು ಬೆಟ್ಟ ಹತ್ತಬೇಕು. ಮೊದಲ ಗ್ರಾಂಟ್‌ಗೆ ಆ ಸಾಹಸ ಯಾಕೆ?

ಮುಂದಿನ ಕರೆ ಬರುವ ತನಕ ಕಾಯಬೇಡಿ. ಈ ವಾರ ಒಂದೇ ಪುಟ ಬರೆಯಿರಿ: ಪ್ರಶ್ನೆ, ಯಾರನ್ನು ಸೇರಿಸಿಕೊಳ್ಳುತ್ತೀರಿ, ಏನನ್ನು ಅಳೆಯುತ್ತೀರಿ, ಎಷ್ಟು ಜನ, ಎಷ್ಟು ದುಡ್ಡು. ಅದನ್ನು ಸ್ಟ್ಯಾಟಿಸ್ಟಿಶಿಯನ್‌ಗೆ, ಎಥಿಕ್ಸ್ ಕಮಿಟಿ ಸೆಕ್ರೆಟರಿಗೆ, ಡೈರೆಕ್ಟರ್‌ಗೆ ಒಂದೊಂದು ಪ್ರತಿ ಕೊಡಿ. ಡೈರೆಕ್ಟರ್‌ಗೆ ಕೊಡುವಾಗ ‘ಸಹಿ ಬೇಕು’ ಅನ್ನಬೇಡಿ, ‘ನೋಡಿ ಸರ್, ಹೀಗೊಂದು ಮಾಡಬೇಕು ಅಂತಿದೀನಿ’ ಅನ್ನಿ. ಆಮೇಲೆ ಕಮಿಟಿಯಿಂದ ಅನುಮತಿ ಬಂದ ದಿನವೇ ರೆಕಾರ್ಡ್ ರೂಮಿಗೆ ಇಳಿದು ಹಳೆಯ ಕೇಸ್ ಶೀಟ್ ಕಟ್ಟು ಬಿಚ್ಚಿ. ಡಿಸ್ಚಾರ್ಜ್ ದಿನ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ ರಕ್ತ ಪರೀಕ್ಷೆ) ಬರೆಯದೆ ಬಿಟ್ಟವು ಎಷ್ಟಿವೆ ಅಂತಲೂ ಎಣಿಸಿಕೊಳ್ಳಿ. ಆ ಸಂಖ್ಯೆಯನ್ನೂ ಅರ್ಜಿಯಲ್ಲಿ ಹಾಕಬೇಕಾಗುತ್ತೆ.